ಜೋಜಪ್ಪನವರ ದೊಡ್ಡ ಮಕ್ಕಳ ಎಲೆ

ನನ್ನ ಯಜಮಾನರು ಇನ್ಯಾಸಪ್ಪನವರು. ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿರಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಇತ್ತು. ನಾನು ನೋಡಿದೆ.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ನನ್ನನ್ನು ನೋಡಲು ನಮ್ಮೂರು ಪಾಲಹಳ್ಳಿಗೆ ಬಂದರು. ಮೊದಲ ಹೆಂಡತಿ ಅನ್ನಮ್ಮ ಬಾಣಂತನದಲ್ಲಿ ತೀರಿಹೋಗಿದ್ದರು. ಇಬ್ಬರು ಮಕ್ಕಳು, ಚೌರಪ್ಪ ಮತ್ತು ತೆರೇಸ. ನನಗೆ ಈ ಸಂಬಂಧ ಬೇಡವಾಗಿತ್ತು. ಎರಡನೇ ಹೆಂಡತಿಯನ್ನು ಜನ ನೋಡುವ ರೀತಿಯೇ ಬೇರೆ. ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಅವರಿಗೆ ಕೇಳಿಸಿರಬೇಕು. ಜಗಲಿಯಿಂದಲೇ ಹೇಳಿದರು.

“ಜೋಜಪ್ಪನೋರದ್ದೂ ಎರಡನೇ ಮದುವೆ ಕಣಮ್ಮ. ಮೊದಲನೇವರು ತೀರಿಕೊಂಡಿದ್ರು. ಮಕ್ಕಳಿದ್ವು. ಮರಿಯಮ್ಮನೋರು ಅಂಥಾ ಮನೆಗೇ ಬಂದಿದ್ದು.”

ಜೋಜಪ್ಪನವರು ಅಂದರೆ ಯೇಸುಸ್ವಾಮಿಯನ್ನು ಸಾಕಿದ ತಂದೆ, ಸಂತ ಜೋಸೆಫರು. ಈ ಕತೆ ನನಗೆ ಗೊತ್ತಿರಲಿಲ್ಲ. ಇವರಿಗೆ ಇವರಜ್ಜಿ ಹೇಳಿದ್ದಂತೆ. ದೇವಮಾತೆ ಮರಿಯಮ್ಮನವರೇ ಮಕ್ಕಳಿರುವ ಮನೆಗೆ ಹೋದಮೇಲೆ ನನ್ನದೇನು ದೊಡ್ಡದು ಅನಿಸಿತು. ಒಪ್ಪಿದೆ. ಆ ಒಂದು ಮಾತಿಗೇ ಒಪ್ಪಿದೆ.

ಲಷ್ಕರ್ ಮೊಹಲ್ಲಾದ ವಠಾರದಲ್ಲಿ ನಮ್ಮ ಮನೆ. ಗೋಡೆಗೂಡಿನಲ್ಲಿ ಜೋಜಪ್ಪನವರ ಮಣ್ಣಿನ ಪ್ರತಿಮೆ ಇತ್ತು. ತಂದಾಗ ಗಡ್ಡ ಕಂದು ಬಣ್ಣದ್ದಂತೆ. ಮಕ್ಕಳೊಂದಿಗನಾದ ವಯಸ್ಸಾದ ಗಂಡಸಿಗೆ ಅದು ಒಪ್ಪುವುದಿಲ್ಲ ಅಂತ ಇವರು ಬಿಳೀ ಬಣ್ಣ ಹಚ್ಚಿದ್ದರು. ಹೊಗೆಗೆ ಕಪ್ಪಾಗುತ್ತಿತ್ತು. ವರ್ಷಕ್ಕೊಂದು ಸಲ ಮತ್ತೆ ಹಚ್ಚುತ್ತಿದ್ದರು.

ಮಾರ್ಚಿನಲ್ಲಿ ಜೋಜಪ್ಪನವರ ಹಬ್ಬ ಬರುತ್ತದೆ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಆ ದಿನ ಬಡವರಾದ ಒಬ್ಬ ಮುದುಕ, ಒಬ್ಬ ಹೆಂಗಸು, ಒಂದು ಮಗು, ಈ ಮೂವರನ್ನು ಕರೆದು ಕಾಲು ತೊಳೆದು ಎಲೆ ಹಾಕುತ್ತಾರೆ. ಜೋಜಪ್ಪ, ಮರಿಯಮ್ಮ, ಬಾಲಯೇಸು ಬಂದರು ಅಂತ ಲೆಕ್ಕ. ಉಪವಾಸದ ತಪಸ್ಸುಕಾಲ, ಮಾಂಸ ಇಲ್ಲ. ಅನ್ನ, ತಿಳಿಸಾರು, ಪಲ್ಯ, ಹೆಸರುಬೇಳೆ ಪಾಯಸ.

ಎಲ್ಲರೂ ಮೂರು ಎಲೆ ಹಾಕಿದರೆ ನಮ್ಮ ಯಜಮಾನರು ಐದು ಹಾಕುತ್ತಿದ್ದರು. ಮಿಕ್ಕ ಎರಡು ಜೋಜಪ್ಪನವರ ದೊಡ್ಡ ಮಕ್ಕಳಿಗೆ. ಅವಕ್ಕೆ ಚೌರಿ ಮತ್ತು ತೆರೇಸ ಕೂರುತ್ತಿದ್ದರು. ಮನೆಯ ದೊಡ್ಡ ಮಕ್ಕಳನ್ನು ಹೊರಗೆ ನಿಲ್ಲಿಸಿ ಬಾಲಯೇಸು ಒಬ್ಬನೇ ಹೇಗೆ ಉಂಡಾನು ಅನ್ನೋರು. ಪಕ್ಕದ ಮನೆ ಇಂದ್ರಮ್ಮ ಹಿಂದೂಗಳು, ಆದರೂ ಪಾಯಸಕ್ಕೆ ಬರೋರು. ನಿಮ್ಮ ದೇವರ ಮನೆಯೂ ನಮ್ಮ ಮನೆ ಥರಾನೇ, ಮಕ್ಕಳೋ ಮಕ್ಕಳು ಅಂತ ನಗೋರು.

ಒಂದು ವರ್ಷ ಮಾರ್ಕೆಟ್ಟಿನ ಹತ್ತಿರ ಮೂಟೆ ಹೊರುತ್ತಿದ್ದ ಕಾಳಯ್ಯ ಅನ್ನೋ ಮುದುಕ ಜೋಜಪ್ಪನಾಗಿ ಬಂದ. ಸಾಲಾಗಿ ಕೂತ ಮಕ್ಕಳನ್ನು ನೋಡಿದ. “ಸ್ವಾಮಿ, ಇವೆಲ್ಲಾ ನಂದೇನಾ? ಉಂಡು ಹೋಗೋದಾ, ಇವನ್ನೂ ಕರ್ಕೊಂಡು ಹೋಗ್ಬೇಕಾ?” ಅಂದ. ಯಜಮಾನರು ನಕ್ಕು ನಕ್ಕು ಸಾರು ಚೆಲ್ಲಿದರು. ಆಮೇಲೆ ಪ್ರತಿ ವರ್ಷ ಕಾಳಯ್ಯನೇ.

ನನಗೆ ಮಕ್ಕಳಾಗಲಿಲ್ಲ. ಆ ಇಬ್ಬರೇ. ತೆರೇಸಳನ್ನು ಹುಣಸೂರಿಗೆ ಕೊಟ್ಟೆವು. ಚೌರಿ ಸೈಕಲ್ ಅಂಗಡಿಗೆ ಸೇರಿದ. ಮಾತು ಕಮ್ಮಿ ಅವನದ್ದು. ನನ್ನನ್ನು ಚಿಕ್ಕವ್ವ ಅಂತಾನೆ. ಅವ್ವ ಅಂತ ಯಾವತ್ತೂ ಅಂದವನಲ್ಲ.

ಚರ್ಚಿಗೆ ಹೊಸ ಪಾದ್ರಿ ಸ್ವಾಮಿಗಳು ಬಂದಮೇಲೆ ಒಂದು ಭಾನುವಾರ ಪೂಜೆಯಲ್ಲಿ ಜೋಜಪ್ಪನವರ ಬಗ್ಗೆ ಪ್ರಸಂಗ ಮಾಡಿದರು. ಅವರು ಮುದುಕರಲ್ಲ, ಗಟ್ಟಿಮುಟ್ಟಾದ ಯುವಕರು ಅಂದರು. ಮೊದಲೊಂದು ಮದುವೆಯೂ ಆಗಿರಲಿಲ್ಲ, ಬೇರೆ ಮಕ್ಕಳೂ ಇರಲಿಲ್ಲ, ಶಾಸ್ತ್ರದಲ್ಲಿ ಯೇಸುಸ್ವಾಮಿಯ ಸೋದರರು ಅಂತ ಬರೋದು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಂದರು. ನಾನು ಯಜಮಾನರ ಕಡೆ ತಿರುಗಿ ನೋಡಿದೆ. ಅವರು ನೆಲ ನೋಡುತ್ತಿದ್ದರು. ದಾರಿಯಲ್ಲಿ ಕೇಳಿದೆ. ಸ್ವಾಮಿಗಳು ಓದಿದವರು, ನಮ್ಮಜ್ಜಿ ಓದಿರಲಿಲ್ಲ ಅಂದರು. ಹಾಗಾದರೆ ಯಾವುದು ನಿಜ ಅಂದೆ. ಬಿಸಿಲು ಜಾಸ್ತಿ, ಬೇಗ ನಡಿ ಅಂದರು. ಆ ಮಾರ್ಚಿನಲ್ಲೂ ಐದೇ ಎಲೆ ಹಾಕಿದರು. ಆ ಕತೆ ಸುಳ್ಳಾದರೆ ನಾನು ಯಾವ ಮಾತು ನಂಬಿ ಈ ಮನೆಗೆ ಬಂದೆ?

ಹೋದ ನವೆಂಬರಿನಲ್ಲಿ ಎದೆಗೆ ಶೀತ ಇಳಿದು ಅವರು ಮಲಗಿದರು. ಮತ್ತೆ ಏಳಲಿಲ್ಲ. ಕಡೆಗೆ ಏನಾದರೂ ಹೇಳುತ್ತಾರೆ ಅಂತ ಕಾದೆ. ಚೌರಿ ಉಂಡನಾ ಅಂತ ಕೇಳಿದರು. ಹೂಂ ಅಂದೆ. ಅಷ್ಟೇ. ಅನ್ನಮ್ಮನ ಪಕ್ಕದಲ್ಲಿ ಮಣ್ಣು ಮಾಡಿದರು. ಇವರ ಒಂದು ಮಗ್ಗುಲಿಗೆ ಅನ್ನಮ್ಮ. ಇನ್ನೊಂದು ಮಗ್ಗುಲಿನಲ್ಲಿ ಯಾರದ್ದೋ ಸಮಾಧಿ ಮೊದಲೇ ಇದೆ. ನಾನು ಎಲ್ಲಿ ಅಂತ ಯಾರನ್ನು ಕೇಳಲಿ?

ಅನ್ನಮ್ಮನ ಅಣ್ಣ ಕೋಲಾರದ ಚಿನ್ನದ ಗಣಿಯಲ್ಲಿದ್ದಾರೆ. ಮಣ್ಣಿಗೆ ಬಂದಾಗಲೇ ಚೌರಿಗೆ ಹೇಳಿದರು. ಅಪ್ಪ ಹೋದರು, ಇನ್ನು ಇಲ್ಲಿ ನಿನಗೆ ಯಾರಿದ್ದಾರೆ, ಅಲ್ಲಿಗೆ ಬಾ, ಕೆಲಸ ಕೊಡಿಸುತ್ತೇನೆ ಅಂದರು. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ಚೌರಿ, ಜೋಜಪ್ಪನವರ ಹಬ್ಬ ಕಳೀಲಿ ಅಂದ. ಹಬ್ಬದ ಹಿಂದಿನ ದಿನ ನೋಡಿದರೆ ಬಟ್ಟೆ ಗಂಟು ಕಟ್ಟಿ ಮೂಲೆಯಲ್ಲಿಟ್ಟಿದ್ದ. ಹೋಗಬೇಡ ಅನ್ನೋಕೆ ನಾನು ಯಾರು? ಹೆತ್ತವಳಲ್ಲ.

ಸ್ವಾಮಿಗಳ ಹತ್ತಿರ ಹೋದೆ. ಜೋಜಪ್ಪನವರಿಗೆ ಮೊದಲ ಮಕ್ಕಳು ಇದ್ದರೋ ಇಲ್ಲವೋ ಸರಿಯಾಗಿ ಹೇಳಿಬುಡಿ ಅಂದೆ. ಅವರು ಒಳ್ಳೆಯವರೇ. ಕೂರಿಸಿ ಹೇಳಿದರು. ಪೂರ್ವದ ಕಡೆಯ ಹಳೇ ಕ್ರೈಸ್ತರು ಮಕ್ಕಳಿದ್ದರು ಅಂತಾರಂತೆ. ನಮ್ಮ ಸಭೆಯವರು ಬಹಳ ಕಾಲದಿಂದ ಇಲ್ಲ ಅಂತಾರಂತೆ. ಆದರೆ ಹೀಗೇ ನಂಬಬೇಕು ಅಂತ ಧರ್ಮಸಭೆ ಕಟ್ಟು ಮಾಡಿಲ್ಲವಂತೆ.

“ಹಾಗಾದ್ರೆ ನಾಳೆ ಎಷ್ಟು ಎಲೆ ಹಾಕಲಿ ಸ್ವಾಮಿ?” ಅಂದೆ.

“ಹಸಿದವರು ಎಷ್ಟು ಜನ ಇರ್ತಾರೋ ಅಷ್ಟು ಹಾಕಮ್ಮ” ಅಂದು ನಕ್ಕರು.

ನನಗೆ ನಗು ಬರಲಿಲ್ಲ. ಇದೂ ಆಗಬಹುದು ಅದೂ ಆಗಬಹುದು ಅಂದರೆ ಹಿಡಿದುಕೊಳ್ಳೋದು ಯಾವುದನ್ನ? ಮನೆತನಕ ಅದೇ ಯೋಚನೆ. ತೆರೇಸ ಬಸುರಿ, ಬರೋ ಹಾಗಿಲ್ಲ. ಚೌರಿಗೆ ಮೀಸೆ ಬಂದಿದೆ, ಮಕ್ಕಳ ಸಾಲಿನಲ್ಲಿ ಕೂರು ಅಂದರೆ ನಾಚಿಕೆಪಡುತ್ತಾನೆ. ಹೊರಟವನನ್ನು ಎಲೆ ಹಾಕಿ ಕಟ್ಟಿಹಾಕಿದ ಹಾಗೂ ಆಗುತ್ತದೆ. ಹೀಗೆ ಏನೇನೋ ಅಂದುಕೊಂಡು ಮಾರನೇ ದಿನ ಮೂರು ಎಲೆ ಹಾಕಿದೆ.

ಕಾಳಯ್ಯ ಬಂದ. ಕೂಲಿ ಹೆಂಗಸು ಬೀರಮ್ಮ ತನ್ನ ಮಗುವಿನ ಜೊತೆ ಬಂದಳು. ಕಾಲು ತೊಳೆದೆ. ಕಾಳಯ್ಯ ಅತ್ತಿತ್ತ ನೋಡಿ, ಈ ವರ್ಷ ನನ್ನ ಸಂಸಾರ ಸಣ್ಣದಾಗೋಯ್ತಲ್ಲವ್ವ ಅಂದ. ನಾನು ಅನ್ನ ಬಡಿಸಿದೆ. ಚೌರಿ ಅಂಗಡಿಯಿಂದ ಬಂದವನು ಹೊಸಿಲಲ್ಲೇ ನಿಂತ. ಎಲೆಗಳನ್ನು ನೋಡಿದ. ಮೂಲೆಯ ಗಂಟು ನೋಡಿದ.

“ನನ್ನ ಎಲೆ ಎಲ್ಲಿ ಚಿಕ್ಕವ್ವ?”

ಬಾಯಿಗೆ ಬಂದದ್ದನ್ನು ಹೇಳಿದೆ. “ಜೋಜಪ್ಪನೋರಿಗೆ ಬೇರೆ ಮಕ್ಕಳೇ ಇರಲಿಲ್ಲ ಅಂತಾರಪ್ಪ.”

“ಅವರಿಗೆ ಇರಲಿಲ್ಲ, ಬುಡು. ನಿನಗೆ?”

ನನ್ನ ಕೈಲಿ ಸೌಟಿತ್ತು. ಅದನ್ನು ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಹಿತ್ತಿಲಿಗೆ ಹೋದೆ. ಎಲೆ ಕೊಯ್ಯುವಾಗ ಕಣ್ಣು ಕಾಣಲಿಲ್ಲ, ಸೀಳಿಹೋಯಿತು. ಸೀಳಿದ್ದನ್ನೇ ತಂದು ಮಗುವಿನ ಪಕ್ಕ ಹಾಕಿದೆ. ಕೂತ. ತೆರೇಸಂದೂ ಹಾಕು ಅಂದ. ಅದನ್ನೂ ಹಾಕಿದೆ. ಅದರಲ್ಲಿ ಬಡಿಸಿದ್ದನ್ನು ಆಮೇಲೆ ಇಂದ್ರಮ್ಮ ಉಂಡರು.

ಊಟ ಆಯಿತು. ಚೌರಿ ಕೈ ತೊಳೆದು ಬಂದು, ಒರೆಸಿಕೊಳ್ಳೋಕೆ ಟವೆಲು ಬೇಕು ಅಂತ ಗಂಟು ಬಿಚ್ಚಿದ. ಮತ್ತೆ ಕಟ್ಟಲಿಲ್ಲ. ಕೋಲಾರಕ್ಕೆ ಯಾವಾಗ ಅಂತ ನಾನೂ ಕೇಳಲಿಲ್ಲ. ಮಾವನಿಗೆ ಅವನೇ ಹೇಳಿಕಳಿಸಿದನಂತೆ, ಬರೋದಿಲ್ಲ ಅಂತ.

ಈಗಲೂ ಚಿಕ್ಕವ್ವ ಅಂತಾನೇ ಕರೆಯುತ್ತಾನೆ.

ಯಜಮಾನರು ಮೇಲೆ ಯಾರ ಪಕ್ಕ ಕೂತಿದ್ದಾರೋ ನನಗೆ ಗೊತ್ತಿಲ್ಲ. ಅವರು ಆ ಕತೆಯನ್ನು ನಿಜವಾಗಿ ನಂಬಿದ್ದರೋ, ನನ್ನ ಅಳು ನಿಲ್ಲಿಸಲು ಹೇಳಿದರೋ ಅದೂ ಗೊತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.

ಗೂಡಿನಲ್ಲಿ ಜೋಜಪ್ಪನವರ ಗಡ್ಡ ಮತ್ತೆ ಕಪ್ಪಾಗಿದೆ. ನಿನ್ನೆ ಚೌರಿ ಅಪ್ಪನ ಬ್ರಷ್ಷು ತೊಳೆದು ಒಣಗಿಸಿದ. ಯಾವ ಬಣ್ಣ ತರಲಿ ಚಿಕ್ಕವ್ವ ಅಂತ ಕೇಳಿದ. ಬಿಳಿಯೋ, ಕಂದೋ, ನಾನಿನ್ನೂ ಹೇಳಿಲ್ಲ.