ವೈಜನಾಥನ ಕೆಳಗಿನ ಬಟನ್

ವೈಜನಾಥ ನನ್ನ ಬೇಳೆಯ ಮೂಟೆಗಳನ್ನು ಬಸವಕಲ್ಯಾಣದಿಂದ ಹುಮನಾಬಾದಿಗೆ ಹನ್ನೊಂದು ವರ್ಷ ಸಾಗಿಸಿದ. ಅಷ್ಟು ವರ್ಷಗಳಲ್ಲಿ ಒಂದು ಮೂಟೆಯೂ ನೆನೆಯಲಿಲ್ಲ. ಮಳೆಗಾಲದಲ್ಲಿ ಒಂದೂ ಹೇಳಿದ ಹೊತ್ತಿಗೆ ಮುಟ್ಟಲಿಲ್ಲ. ರಸ್ತೆಯ ಮೇಲೆ ನೀರು ಕಂಡರೆ ಪಿಕಪ್ ನಿಲ್ಲಿಸಿ, ತಾನೇ ಇಳಿದು, ಆಚೆ ದಂಡೆಯವರೆಗೆ ನಡೆದು ನೋಡಿ ಬರುವನು. ಆಳು ನಾಲ್ಕು ಅಡಿ ಹತ್ತು ಇಂಚು. ಎಂಜಿನ್ ಗಾಳಿ ಎಳೆಯುವ ಬಾಯಿಯ ಪಕ್ಕ ನಿಂತು ಅಳೆದುಕೊಂಡಿದ್ದ. ಅದು ಅವನ ಖಾಕಿ ಅಂಗಿಯ ಕೊನೆಯ ಬಟನ್‌ಗಿಂತ ನಾಲ್ಕು ಬೆರಳು ಮೇಲೆ. ಬಟನ್ ಒಣಗಿದ್ದರೆ ಹೋಗುವುದು, ನೆನೆದರೆ ನಿಲ್ಲುವುದು. ಯಾರಾದರೂ ಎತ್ತರದವರು "ಮೊಣಕಾಲುದ್ದ ಅದ, ಹೊಡಿಯೋ" ಎಂದರೆ, "ನಿಮ್ಮ ಮೊಣಕಾಲು ಎಲ್ಲಿ, ನಂದೆಲ್ಲಿ ಬಿಡ್ರಿ" ಎನ್ನುವನು.

ಇಂಥವನಿಗೆ ಹುಲಸೂರಿನ ಗುಂಡಪ್ಪ ತನ್ನ ಮಗಳು ಮೇಘಾಳನ್ನು ಕೊಡಲು ಒಪ್ಪಿದ್ದೇ ಹೆಚ್ಚು. ತುಂಬಿದ ಹಳ್ಳಕ್ಕೆ ಎತ್ತಿನ ಬಂಡಿ ಹೊಡೆದು ಹೆಸರಾದ ಮನುಷ್ಯ ಅವನು. ನೀರಿಗಂಜುವ ಅಳಿಯ ಎಂದು ಊರವರು ಕಾಡಿದ್ದಕ್ಕೆ ಎರಡು ಸಲ ಸಂಬಂಧ ಮುರಿಯಲು ಹೊರಟಿದ್ದ. ೨೦೦೩ರ ಜೂನಿನಲ್ಲಿ ಮದುವೆ ಗೊತ್ತಾಯಿತು. ಹನ್ನೆರಡೂವರೆಗೆ ಅಕ್ಷತೆ, ಎರಡು ದಿನಕ್ಕೆ ಆಷಾಢ. ಅಂದು ತಪ್ಪಿದರೆ ಶ್ರಾವಣದವರೆಗೆ ಗುಂಡಪ್ಪನ ಮನಸ್ಸು ನಿಲ್ಲುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ.

ಮದುಮಗನೇ ಬಾಸಿಂಗ ಕಟ್ಟಿಕೊಂಡು, ನಮ್ಮ ದಿಬ್ಬಣವನ್ನು ಹಿಂದೆ ಕೂಡಿಸಿಕೊಂಡು ಪಿಕಪ್ ನಡೆಸಿದ. ಸ್ಟೇರಿಂಗ್ ಬೇರೆಯವರ ಕೈಗೆ ಕೊಡುವ ಜಾತಿಯಲ್ಲ. ಹುಲಸೂರು ಇನ್ನು ಕಾಲು ಮೈಲಿ ಎನ್ನುವಾಗ ಕೆರೆಯ ನೀರು ರಸ್ತೆಯ ತಗ್ಗಿಗೆ ಬಂದು ನಿಂತಿತ್ತು. ಸೆಳೆತವಿಲ್ಲ, ಆದರೆ ಆಳ ಗೊತ್ತಿಲ್ಲ. ಆಚೆ ದಂಡೆಯಲ್ಲಿ ಬಿಳಿ ರುಮಾಲು ಸುತ್ತಿದ ಗುಂಡಪ್ಪ, ಅವನ ಹಿಂದೆ ಆರತಿ ಹಿಡಿದ ಹೆಣ್ಣುಮಕ್ಕಳು ನಮ್ಮನ್ನು ಎದುರುಗೊಳ್ಳಲು ಕಾದಿದ್ದರು. ಆಗ ಹನ್ನೊಂದೂಕಾಲು.

ವೈಜನಾಥ ಚಪ್ಪಲಿ ಬಿಟ್ಟ. ಅವನನ್ನು ಸಾಕಿದ ಸೋದರತ್ತೆ ಗಯಾಬಾಯಿ ಕೈ ಹಿಡಿದಳು.

"ಅರಿಶಿಣ ಹಚ್ಚಿದ ಮೈ ನೀರಿಗಿಳಿಬಾರದು."

"ಇಳಿದೆ ಗಾಡಿ ಹೊಡಿಯಾಂವ ಅಲ್ಲ ನಾನು."

"ಮತ್ತ ನಾ ಇಳಿತೀನಿ. ನಿನ್ನಷ್ಟs ಇದ್ದೀನಿ."

ಅದು ಖರೆ. ಅತ್ತೆ ಅಳಿಯ ಒಂದೇ ಅಳತೆ. ಸೀಟಿನ ಹಿಂದಿದ್ದ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಡಿಸಿದರು. ಸೊಂಟಕ್ಕೆ ಹಗ್ಗ ಕಟ್ಟಿದರು. ಗಯಾಬಾಯಿ ಕೋಲೂರುತ್ತ ಇಳಿದು ನಡುನೀರಿಗೆ ಹೋಗಿ ನಿಂತಳು.

"ಬಟನ್ ಒಣಗೇದ, ಬಾ" ಎಂದಳು.

ವೈಜನಾಥ ಬಾಸಿಂಗ ಸರಿಸಿ ಕಣ್ಣು ಕಿರಿದು ಮಾಡಿದ. "ಅತ್ತೀ, ಅಂಗಿ ಯಾಕ ಎತ್ತಿ ಹಿಡದಿ? ಬಿಡು."

ಬಿಟ್ಟಳು. ಬಟನ್ ಮುಳುಗಿತು. ಇಷ್ಟು ವರ್ಷ ಸೊಸೆಗಾಗಿ ಕಾದ ಹೆಂಗಸು ಒಂದು ಬಟನ್‌ಗೆ ಸೋಲಬೇಕೇ ಎಂದು ನಮ್ಮ ದಿಬ್ಬಣವೆಲ್ಲ ಅವಳ ಪಕ್ಷವಾಯಿತು. ನಾನೂ.

ಆಚೆಯಿಂದ ಗುಂಡಪ್ಪ ಕೂಗಿದ: "ಅಳಿಯಾ, ಬರ್ತಿಯೋ, ಅಲ್ಲೇ ಸಂಸಾರ ಹೂಡ್ತಿಯೋ?"

"ಮಾವಾ, ಅತ್ತಿ ಮಾತು ನಂಬಾಕ ಆಗವಲ್ದು. ನೀವs ಬಂದು ಬಟನ್ ನೋಡಿ ಹೇಳ್ರಿ. ನೀವು ಹೂಂ ಅಂದ್ರ ಬರ್ತೀನಿ."

ಊರೆದುರು ಹೀಗೆ ಕರೆದರೆ ಗುಂಡಪ್ಪ ಹಿಂದೆ ಸರಿಯುವುದು ಹೇಗೆ? ಧೋತರ ಎತ್ತಿ ಕಟ್ಟಿ ಇಳಿದ. ಬೀಗರು ಎದುರುಗೊಳ್ಳುವ ಶಾಸ್ತ್ರ ನೀರೊಳಗೇ ಆಯಿತು. ಗಯಾಬಾಯಿ ನಮಸ್ಕಾರ ಮಾಡಿದಳು, ಅವನೂ ಮಾಡಿದ. ಆಮೇಲೆ ಬಗ್ಗಿ ಬಟನ್ ನೋಡಿದ. ಸ್ವಲ್ಪ ಹೊತ್ತು ನೀರನ್ನೇ ನೋಡಿದ. ಬಂಡಿಯ ಮೇಲೆ ಕೂತು ನೀರು ನೋಡಿದವನಿಗೆ ಒಳಗೆ ನಿಂತರೆ ಬೇರೆ ಕಾಣುತ್ತದೆ.

"ಈಗ ಬರಬ್ಯಾಡ" ಎಂದ. "ಇನ್ನೂ ಹಸಿ ಅದ."

ಮಳೆ ನಿಂತಿದ್ದರಿಂದ ನೀರು ಮೆಲ್ಲಗೆ ಇಳಿಯುತ್ತಿತ್ತು; ಇಬ್ಬರೂ ಅಲ್ಲೇ ನಿಂತರು. ಕಾಯುವಾಗ ವೈಜನಾಥ ಸುಮ್ಮನೆ ಕೂಡಲಿಲ್ಲ. ರೆಕ್ಕೆ ತಿರುಗಿ ಎಂಜಿನ್ ಮೇಲೆ ನೀರು ಚಿಮ್ಮದಂತೆ ಫ್ಯಾನಿನ ಬೆಲ್ಟ್ ಬಿಚ್ಚಿದ. ನೀರು ನುಗ್ಗದಂತೆ ಗಾಡಿಯ ಮೂತಿಗೆ ತಾಡಪತ್ರಿ ಕಟ್ಟಿದ. ಖಾಲಿ ಗಾಡಿ ತೇಲುತ್ತದೆಂದು ಯಾರನ್ನೂ ಇಳಿಯಬಿಡಲಿಲ್ಲ. "ಸಾವಕಾರ್ರ, ನೀವು ಹಿಂದಿನ ಗಾಲಿ ಮ್ಯಾಲ ಕೂಡ್ರಿ. ನಿಮ್ಮ ತೂಕ ಇವತ್ತಾದ್ರೂ ಉಪಯೋಗ ಆಗ್ಲಿ" ಎಂದ. ಬಾಡಿಗೆಗೆ ನಾನು ಮಾಡಿದ ಜಗ್ಗಾಟವನ್ನೆಲ್ಲ ಅವನು ನೆನಪಿಟ್ಟಿದ್ದನೆಂದು ಆಗ ತಿಳಿಯಿತು.

ಹನ್ನೆರಡು ಇಪ್ಪತ್ತಕ್ಕೆ ಗುಂಡಪ್ಪ ಮತ್ತೆ ಬಗ್ಗಿದ. ಬಟನ್ ಎರಡು ಬೆರಳು ಮೇಲೆದ್ದಿತ್ತು. ಹಗ್ಗ ಬಿಚ್ಚಿ, ಗಯಾಬಾಯಿಯನ್ನು ರಸ್ತೆಯ ಅಂಚಿಗೆ ಸರಿಸಿ ನಿಲ್ಲಿಸಿ, ಕೈ ಎತ್ತಿದ.

ಪಿಕಪ್ ಮೊದಲ ಗೇರಿನಲ್ಲಿ ಇಳಿಯಿತು. ಅವಸರವಿಲ್ಲ, ಆಕ್ಸಲರೇಟರ್ ಮೇಲಿನ ಕಾಲು ಕದಲಲಿಲ್ಲ. ಮುಂದೆ ಒಂದು ಸಣ್ಣ ಅಲೆ ಎದ್ದು ನಮ್ಮ ಜೊತೆಯೇ ನಡೆಯಿತು. ಬೀಗರ ಹತ್ತಿರ ಬಂದಾಗ ಗುಂಡಪ್ಪ ಹತ್ತಲು ಕೈ ಚಾಚಿದ.

"ನಡುನೀರಾಗ ನಿಲ್ಲಸಂಗಿಲ್ರಿ, ಮಾವಾ, ಎಂಜಿನ್ ನೀರು ಕುಡೀತದ" ಎಂದ ವೈಜನಾಥ ಮುಂದೆ ಹೋದ. ಅಲೆ ಚಿಮ್ಮಿ ಗುಂಡಪ್ಪನ ಎದೆಗೆ ಬಡಿಯಿತು.

ಆಚೆ ದಂಡೆಯಲ್ಲೂ ನಿಲ್ಲಲಿಲ್ಲ. ನೀರು ಕುಡಿದ ಬ್ರೇಕ್ ಒಣಗಬೇಕೆಂದು ಮೆಲ್ಲಗೆ ಒತ್ತುತ್ತ, ಆರತಿಯವರನ್ನು ದಾಟಿ, ವಾಲಗದವರನ್ನು ದಾಟಿ ನಡೆದ. ಆರತಿ ಹಿಡಿದವರು ಹಿಂದೆ ಓಡಿದರು.

ಚಪ್ಪರದಲ್ಲಿ ಮದುಮಗ ಬಂದು ಕೂತ, ಕನ್ಯಾದಾನ ಮಾಡುವವನಿಲ್ಲ. ಮದುವೆ ಮಾಡಿಸುವ ಅಯ್ಯನವರು ಗಡಿಯಾರ ನೋಡುವುದು, ನಾವು ರಸ್ತೆ ನೋಡುವುದು. ಹನ್ನೆರಡು ಇಪ್ಪತ್ತೊಂಬತ್ತಕ್ಕೆ ಗುಂಡಪ್ಪ ಎದೆಯವರೆಗೆ ಕೆಂಪು ನೀರಲ್ಲಿ ತೊಯ್ದು ಏದುತ್ತ ಬಂದ. ಹಿಂದೆ ಖಾಕಿ ಅಂಗಿಯ ಗಯಾಬಾಯಿ.

ಒಬ್ಬ ನೆಂಟ ಕೇಳಿಯೇಬಿಟ್ಟ: "ಯಾಕ ಗುಂಡಪ್ಪಾ, ಅಳಿಯ ನಿನ್ನ ನೀರಾಗs ಬಿಟ್ಟು ಬಂದ್ನಂತ?"

ಗುಂಡಪ್ಪ ಮಗಳ ಕೈಯನ್ನು ಅಳಿಯನ ಕೈಗಿಟ್ಟ. ಧೋತರ ತೊಟ್ಟಿಕ್ಕುತ್ತಿತ್ತು.

"ನಡುನೀರಾಗ ನಿಲ್ಲಸಿದ್ದಂದ್ರ ಮಗಳ್ನ ಕೊಡ್ತಿದ್ದಿಲ್ಲ" ಎಂದ.