ನೆರಳಣ್ಣನ ಅರ್ಧ ಗಂಟೆ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಮೂರನೇ ಮಹಡಿ, ಗಂಡಸರ ಶಸ್ತ್ರಚಿಕಿತ್ಸಾ ವಾರ್ಡಿನ ಹೊರಗಿನ ಉದ್ದನೆಯ ಕಾರಿಡಾರ್. ಮೂರು ದೀಪಕ್ಕೊಂದು ಮಾತ್ರ ಉರಿಯುತ್ತಿದೆ. ನಾಲ್ಕನೇ ಹಾಸಿಗೆಯ ರೋಗಿ ನಿಧಾನವಾಗಿ ನಡೆದು ಬರುತ್ತಿದ್ದಾರೆ. ಅರವತ್ತಾರು ವರ್ಷದ ನಿವೃತ್ತ ಬಸ್ ಚಾಲಕ; ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ಗೆ ಮೊನ್ನೆ ಆಪರೇಷನ್ ಆಗಿದೆ. ಬಲಗೈ ಗೋಡೆಯ ಕಂಬಿಯ ಮೇಲೆ, ಎಡಗೈಯಲ್ಲಿ ಹೂವಿನ ಚಿತ್ತಾರದ ಬಟ್ಟೆಚೀಲ. ಅದರೊಳಗೆ ಮೂತ್ರದ ಚೀಲವಿದೆ. ರಬ್ಬರ್ ಚಪ್ಪಲಿಯ ಸದ್ದು ಒಬ್ಬರದೇ ಕೇಳುತ್ತಿದೆ. ನಡೆಯುತ್ತಿರುವವರು ಇಬ್ಬರು.

ಅರ್ಧ ದಾರಿಯಲ್ಲಿ ಚಾಲಕರು ನಿಲ್ಲುತ್ತಾರೆ. ಸದ್ದೂ ನಿಲ್ಲುತ್ತದೆ. ಹಿಂದೆ ತಿರುಗದೆ ಕೇಳುತ್ತಾರೆ: “ಇದ್ದೀರೇನ್ರೀ?”

“ಇದ್ದೀನಿ.” ಉತ್ತರ ಬರುವುದು ಒಂದು ಮೊಳ ಹಿಂದಿನಿಂದ.

ಚಾಲಕರು ಬೆಚ್ಚಿಬೀಳುತ್ತಾರೆ. “ಅಯ್ಯೋ ದೇವರೇ, ಕೆಮ್ಮಾದ್ರೂ ಕೆಮ್ರೀ. ಹೀಗೆ ದೆವ್ವದ ಥರ ಬಂದ್ರೆ ಹೊಲಿಗೆ ಬಿಚ್ಚಿಹೋಗುತ್ತೆ.”

“ಕಂಡಕ್ಟರ್ ರೈಟ್ ಅಂದಾಯ್ತು. ಹೊರಡಿ.”

“ಮೂವತ್ತೆರಡು ವರ್ಷ ಬಸ್ ಓಡಿಸಿದೀನಿ, ಇಷ್ಟು ಸುಮ್ಮನಿರೋ ಕಂಡಕ್ಟರನ್ನ ನೋಡಿಲ್ಲ,” ಎಂದು ಗೊಣಗುತ್ತ ಚಾಲಕರು ಹೆಜ್ಜೆ ಎತ್ತುತ್ತಾರೆ. ಹಿಂದಿನವರ ಹೆಜ್ಜೆಯೂ ಅದೇ ಕ್ಷಣಕ್ಕೆ ಏಳುತ್ತದೆ, ಅದೇ ಕ್ಷಣಕ್ಕೆ ಬೀಳುತ್ತದೆ.

ಹಿಂದಿನವರು ವಾರ್ಡಿನ ಅಟೆಂಡರ್. ವಯಸ್ಸು ಐವತ್ತೆಂಟು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ಹದಿನೇಳು ವರ್ಷಗಳಿಂದ ಎಲ್ಲರಿಗೂ ಅವರು ನೆರಳಣ್ಣ. ಆಪರೇಷನ್ ಆದ ಗಂಡಸರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ಅವರ ಕೆಲಸ. ಕೈ ಹಿಡಿಯುವುದಿಲ್ಲ, ಪಕ್ಕದಲ್ಲಿ ನಡೆಯುವುದಿಲ್ಲ. ಹಿಂದೆ ನಿಂತು, ಮುಂದಿನವರ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ರೋಗಿ ಕುಂಟಿದರೆ ಅವರೂ ಅಷ್ಟೇ ಕುಂಟುತ್ತಾರೆ, ಎಳೆದರೆ ಎಳೆಯುತ್ತಾರೆ. ಈ ಕ್ರಮವನ್ನು ಅವರಿಗೆ ಯಾರೂ ಕಲಿಸಿದ್ದಲ್ಲ.

“ಮೊದಮೊದಲು ಪಕ್ಕದಲ್ಲೇ ಹೋಗ್ತಿದ್ದೆ. ಗಂಡಸರಿಗೆ ನಾಚಿಕೆ ಜಾಸ್ತಿ ಸಾರ್. ಕ್ಯಾನ್ಸರ್‌ಗಿಂತ ಆ ಚೀಲಕ್ಕೇ ಹೆದರ್ತಾರೆ. ಯಾರಾದ್ರೂ ಪಕ್ಕದಲ್ಲಿದ್ರೆ ಚೀಲ ಮುಚ್ಚಿಕೊಳ್ಳೋದೇ ಆಗುತ್ತೆ, ಕಾಲು ಏಳಲ್ಲ. ಹಿಂದೆ ಇದ್ದು ಸದ್ದು ಮಾಡದೆ ಹೋದ್ರೆ ತಾನೊಬ್ಬನೇ ನಡೀತಿದೀನಿ ಅನ್ಕೋತಾರೆ. ನಡೀತಾರೆ. ಬೀಳೋ ಹಂಗಾದ್ರೆ ಅವರ ಕಾಲಿಗಿಂತ ಮೊದಲು ನನ್ನ ಕಾಲಿಗೆ ಗೊತ್ತಾಗುತ್ತೆ.” ಅವರು ಹಿಂದಿದ್ದಾಗ ಬಿದ್ದ ರೋಗಿಯ ದಾಖಲೆ ವಾರ್ಡಿನ ಪುಸ್ತಕದಲ್ಲಿ ಒಂದೂ ಇಲ್ಲ. ಬಟ್ಟೆಚೀಲ ಹೊಲಿದುಕೊಡುವವರು ಅವರ ಹೆಂಡತಿ.

ಕಾರಿಡಾರಿನ ಉದ್ದ ನಲವತ್ತಾರು ಮೀಟರ್. ನೆರಳಣ್ಣ ಟೇಪು ಹಿಡಿದು ಅಳೆದಿದ್ದಾರೆ. ಪ್ರಾಸ್ಟೇಟ್ ಆಪರೇಷನ್ ಆದವರೇ ಕಳೆದ ವರ್ಷ ಇಲ್ಲಿ ನೂರಾ ಹದಿನೆಂಟು ಮಂದಿ. ಮೊದಲ ದಿನ ಒಂದು ಸುತ್ತು, ಮಾರನೆಯ ದಿನ ಮೂರು, ಮನೆಗೆ ಹೋಗುವ ಹೊತ್ತಿಗೆ ಎಂಟು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಕರುಳು ಬೇಗ ಎಚ್ಚರಗೊಳ್ಳುವುದಿಲ್ಲ ಎನ್ನುತ್ತಾರೆ ವಾರ್ಡಿನ ವೈದ್ಯರು. ಮನೆಗೆ ಹೊರಟವರಿಗೆ ಬಾಗಿಲ ಬಳಿ ನೆರಳಣ್ಣನ ಪಾಠ ಬೇರೆ ಇರುತ್ತದೆ. ಆರು ವಾರ ಭಾರ ಎತ್ತಬೇಡಿ. ನೀರು ಹಗಲಿನಲ್ಲೇ ಕುಡಿದು ಮುಗಿಸಿ. ಸೊಪ್ಪು, ಹಣ್ಣು ತಿನ್ನಿ, ಶೌಚಕ್ಕೆ ಕೂತಾಗ ತಿಣುಕಬಾರದು. ಸಿಗರೇಟು ಬಿಡಿ. ಪೈಪು ತೆಗೆದ ಮೇಲೆ, ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೊನೆಯದಾಗಿ, ದಿನಾ ಅರ್ಧ ಗಂಟೆ ನಡೆಯಿರಿ.

ಹತ್ತು ತಿಂಗಳ ಹಿಂದೆ ಈ ಪಾಠ ಅವರಿಗೇ ಬಂತು. ಸಿಬ್ಬಂದಿಯ ವಾರ್ಷಿಕ ತಪಾಸಣೆಯಲ್ಲಿ ಪ್ರಾಸ್ಟೇಟ್ ತೊಂದರೆಯನ್ನು ಸೂಚಿಸುವ, ನಾಲ್ಕರೊಳಗೆ ಇರಬೇಕಾದ ರಕ್ತದ ಪಿಎಸ್‌ಎ ಅಂಕಿ ಹನ್ನೊಂದು ದಾಟಿತ್ತು. ಬಯಾಪ್ಸಿ ಆಯಿತು, ಆಪರೇಷನ್ ಆಯಿತು. ಆರನೇ ಹಾಸಿಗೆ ಕೊಟ್ಟರು. ಎರಡನೇ ದಿನ ಅವರನ್ನು ಎಬ್ಬಿಸಿ ಕಾರಿಡಾರಿಗೆ ತಂದು ನಿಲ್ಲಿಸಿದಾಗ ಅವರು ಕದಲಲಿಲ್ಲ.

“ನೋವಿರಲಿಲ್ಲ. ಮುಂದೆ ಯಾರೂ ಇರಲಿಲ್ಲ, ಅಷ್ಟೇ. ಯಾವ ಕಾಲು ಎತ್ತಬೇಕು, ಎಷ್ಟು ದೂರ ಇಡಬೇಕು, ಒಂದೂ ಗೊತ್ತಾಗಲಿಲ್ಲ. ಹದಿನೇಳು ವರ್ಷ ಮುಂದಿನವರ ಕಾಲು ನೋಡ್ಕೊಂಡೇ ನಡೆದಿದ್ದು ನಾನು.” ಕೊನೆಗೆ ಐದನೇ ಹಾಸಿಗೆಯವರು ಶೌಚಾಲಯಕ್ಕೆ ಹೊರಟರು. ನೆರಳಣ್ಣ ಅವರ ಹಿಂದೆ ಹೊರಟರು.

ಮನೆಗೆ ಬಂದ ಮೂರನೇ ವಾರ. ನಡುಮನೆಯಿಂದ ಅಡುಗೆಮನೆಯವರೆಗೆ ಹದಿನಾಲ್ಕು ಅಡಿಯ ಓಣಿಯಂಥ ಜಾಗ. ಅಲ್ಲೇ ನಡೆಯುತ್ತಿದ್ದರು. ಹೆಂಡತಿ ಒಲೆಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ಚಹಾ ಸೋಸುತ್ತಿದ್ದರು. ಅವರು ಹೇಳುವುದು ಹೀಗೆ:

“ಕಾಲಿನ ಸದ್ದು ಬಂತು. ಬಲಗಾಲು ಸರಿ ಬೀಳುತ್ತೆ, ಎಡ ಹಿಮ್ಮಡಿ ಎಳೆಯುತ್ತೆ, ಆಮೇಲೆ ಒಂಚೂರು ತಡ. ನನ್ನ ಅಣ್ಣ. ನಾನು ಯೋಚನೆ ಮಾಡಲೇ ಇಲ್ಲ. ಕೈ ತಾನಾಗೇ ಮೂರನೇ ಲೋಟಕ್ಕೆ ಹೋಯ್ತು. ಅವನಿಗೆ ಸಕ್ಕರೆ ಬೇಡ ಅಂತ ಬೇರೆ ಇಟ್ಟೆ. ತಿರುಗಿದ್ರೆ ಇವರು.”

ಆಕೆಯ ಅಣ್ಣ ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸದವರು. ಏಣಿಯಿಂದ ಬಿದ್ದು ಎಡಗಾಲು ಸೊಟ್ಟಗಾಗಿತ್ತು. ಐದು ವರ್ಷಗಳ ಹಿಂದೆ ಇದೇ ಆಪರೇಷನ್‌ಗೆ ಇದೇ ವಾರ್ಡಿಗೆ ಬಂದಿದ್ದರು. ಆರು ದಿನ ನೆರಳಣ್ಣ ಭಾವನ ಹಿಂದೆ ನಡೆದಿದ್ದರು. ಕ್ಯಾನ್ಸರ್ ವಾಸಿಯಾಯಿತು. ಎರಡು ವರ್ಷದ ಬಳಿಕ ಹೃದಯಾಘಾತದಿಂದ ತೀರಿಕೊಂಡರು.

ತಾವು ಎಡಗಾಲು ಎಳೆಯುತ್ತಿರುವುದು ನೆರಳಣ್ಣನಿಗೆ ಗೊತ್ತೇ ಇರಲಿಲ್ಲ. ತಮಾಷೆ ಮಾಡುತ್ತಿದ್ದೀರಾ ಎಂದು ಹೆಂಡತಿ ಗದರಿದರು, ಎರಡು ದಿನ ಮಾತು ಬಿಟ್ಟರು. ಎರಡು ವಾರ ಅದೇ ನಡಿಗೆ ಮುಂದುವರಿದು ಸೊಂಟದ ಕೀಲು ಊದಿತು. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಎಡಗಾಲು ತಡವಾಗಿ ಬಂತು, ಬಿದ್ದರು. ಹನ್ನೊಂದು ದಿನ ಹಾಸಿಗೆ. ಇನ್ನೊಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ನಡಿಗೆ ಮುಗಿದಂತೆ ಎಂದರು ವೈದ್ಯರು.

ಮೂರನೇ ತಿಂಗಳು ಕೆಲಸಕ್ಕೆ ಮರಳಿದರು. ವಾರ್ಡಿನ ಮುಖ್ಯ ನರ್ಸನ್ನು ಇಲ್ಲಿ ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ. ಆ ವಾರದ ಒಂದು ಮುಂಜಾನೆ ಅವರು ಮೇಜಿನ ಮೇಲೆ ತಲೆತಗ್ಗಿಸಿ ಬರೆಯುತ್ತಿದ್ದರು. ಏಳನೇ ಹಾಸಿಗೆಯಲ್ಲಿದ್ದ ಗಡಿಯಾರ ರಿಪೇರಿಯವರು ಪ್ರತಿ ಮುಂಜಾನೆ ಬಿಸಿನೀರು ಕೇಳಲು ಬರುತ್ತಿದ್ದರು. ಎರಡು ಚಿಕ್ಕ ಹೆಜ್ಜೆ, ಒಂದು ಉದ್ದ ಹೆಜ್ಜೆ. ಆ ಸದ್ದು ಹತ್ತಿರ ಬಂತು. ತಲೆ ಎತ್ತದೆ ಫ್ಲಾಸ್ಕ್ ಮುಂದಕ್ಕೆ ತಳ್ಳಿದರು. “ಆಮೇಲೆ ನೆನಪಾಯ್ತು, ಅವರು ವಾರ್ಡು ಬಿಟ್ಟು ಹೋಗಿ ಒಂದು ವರ್ಷ ಆಗಿದೆ. ನೋಡಿದ್ರೆ ನೆರಳಣ್ಣ ನಿಂತಿದಾನೆ. ‘ನಾನು ನೀರು ಕೇಳಿಲ್ಲವಲ್ಲ ಸಿಸ್ಟರ್’ ಅಂದ,” ಎನ್ನುತ್ತಾರೆ ಅವರು. ಅಂದಿನಿಂದ ಕಾಲಿನ ಸದ್ದು ಕೇಳಿದರೆ ಮೊದಲು ತಲೆ ಎತ್ತಿ ನೋಡುತ್ತಾರೆ.

ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಬಳಿ ವಿವರಣೆ ಇದೆ. ಆಪರೇಷನ್ ನಂತರ ಸೊಂಟದ ಕೆಳಗಿನ ಸ್ನಾಯುಗಳು ಬಲಗುಂದಿರುತ್ತವೆ, ದೇಹ ಹೊಸದಾಗಿ ನಡೆಯಲು ಕಲಿಯುತ್ತದೆ. ಹಾಗೆ ಕಲಿಯುವಾಗ ತನಗೆ ರೂಢಿಯಿರುವ ನಡಿಗೆಯನ್ನು ಹುಡುಕುತ್ತದೆ. ನೆರಳಣ್ಣನ ದೇಹದಲ್ಲಿ ಸುಮಾರು ಎರಡು ಸಾವಿರ ಮಂದಿಯ ನಡಿಗೆ ಇದೆ. “ಇಲ್ಲದಿರುವುದು ಅವರದ್ದು ಮಾತ್ರ,” ಎನ್ನುತ್ತಾರೆ ಅವರು. ವಿವರಣೆ ಒಪ್ಪುವಂತಿದೆ.

ದೊಡ್ಡ ಸಿಸ್ಟರ್ ಮಾತು ಖಡಕ್ಕಾಗಿತ್ತು. ತಾನೇ ಬೀಳಬಹುದಾದವನನ್ನು ರೋಗಿಯ ಹಿಂದೆ ಬಿಡಲಾಗದು. ದಿನಕ್ಕೆ ಒಬ್ಬರೇ ರೋಗಿ. ಅಂದು ಕೊಟ್ಟ ಗಡುವು ಏಳು ತಿಂಗಳು: ಈ ತಿಂಗಳ ಕೊನೆಯೊಳಗೆ, ಯಾರ ಹಿಂದೆಯೂ ಅಲ್ಲದೆ, ಸ್ವಂತ ನಡಿಗೆಯಲ್ಲಿ ನಡೆಯಬಲ್ಲೆ ಎಂದು ತೋರಿಸಬೇಕು. ಇಲ್ಲವಾದರೆ ಬಟ್ಟೆ ಕೋಣೆ. “ಹಾಸಿಗೆ ಬಟ್ಟೆ ಮಡಚೋಕೆ ಯಾರು ಬೇಕಾದ್ರೂ ಬರ್ತಾರೆ. ಇದಕ್ಕೆ ಯಾರು ಬರ್ತಾರೆ?” ಎಂದು ನೆರಳಣ್ಣ ಕೇಳುತ್ತಾರೆ. ಕೇಳಿ, ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಾರೆ.

ಉಪಾಯ ಹುಡುಕಿದ್ದು ಹೆಂಡತಿ. ಮೂವತ್ತೊಂದು ವರ್ಷ ಗಂಡನ ಕಾಲಿನ ಸದ್ದು ಕೇಳಿದವರು. ಗಂಡ ರೋಗಿಗಳ ಹಿಂದೆ ನಡೆದ ಹಾಗೆ ಆಕೆ ಗಂಡನ ಹಿಂದೆ ನಡೆಯತೊಡಗಿದರು. ಕಿವಿಗೆ ಬಿದ್ದ ಹೆಜ್ಜೆ ಗಂಡನದ್ದಾದರೆ ನಡೆಯುತ್ತಾರೆ. ಬೇರೆಯವರದ್ದಾದರೆ ನಿಲ್ಲುತ್ತಾರೆ. ಆಕೆ ನಿಂತರೆ ಅವರೂ ನಿಂತು ಮೊದಲಿನಿಂದ ಶುರುಮಾಡಬೇಕು. ಏಳು ತಿಂಗಳಿಂದ, ಪ್ರತಿ ಮುಂಜಾನೆ ಡ್ಯೂಟಿಗೆ ಮುನ್ನ, ಆಸ್ಪತ್ರೆಯ ಕಾಂಪೌಂಡ್ ಗೋಡೆಯ ಪಕ್ಕದ ರಸ್ತೆಯಲ್ಲಿ ಇದು ನಡೆದಿದೆ. ಮೊದಲ ದಿನ ಅರ್ಧ ಗಂಟೆಯಲ್ಲಿ ಮೂರು ಗೇಟು ದಾಟಿದ್ದರು.

“ಯಾರ್ಯಾರೋ ಬರ್ತಾರೆ. ಕೆಲವರು ಗೊತ್ತು, ಇವರು ಹೇಳಿದವರು. ಒಬ್ಬರು ಮಾತ್ರ ಯಾರಿಗೂ ಗೊತ್ತಿಲ್ಲ. ಬಿರಬಿರನೆ ಏಳು ಹೆಜ್ಜೆ, ಆಮೇಲೆ ಯಾರೋ ಕರೆದ ಹಾಗೆ ನಿಂತುಬಿಡೋದು.” ಈ ನಡಿಗೆಯ ರೋಗಿ ದೊಡ್ಡ ಸಿಸ್ಟರ್‌ಗೂ ನೆನಪಿಲ್ಲ, ನೆರಳಣ್ಣನಿಗೂ ಇಲ್ಲ. ಹಾಗಾದರೆ ಯಾರದ್ದು ಎಂದರೆ ಆಕೆ ಸೆರಗು ಸರಿಪಡಿಸಿಕೊಳ್ಳುತ್ತಾರೆ. “ಇನ್ನೂ ವಾರ್ಡಿಗೆ ಬರದವರದ್ದು ಇರಬೇಕು.” ಫಿಸಿಯೋಥೆರಪಿಸ್ಟ್ ಇದಕ್ಕೆ ನಕ್ಕರು. ವಿವರಣೆ ಕೊಡಲಿಲ್ಲ.

ಆಕೆ ಇನ್ನೊಂದು ಮಾತು ಹೇಳಿದ್ದು ಗಂಡ ಚಪ್ಪಲಿ ಮೆಟ್ಟಲು ಹೊರಗೆ ಹೋದಾಗ. “ಬೇರೆ ಯಾರು ಬಂದ್ರೂ ತಕ್ಷಣ ನಿಂತುಬಿಡ್ತೀನಿ. ಅಣ್ಣ ಬಂದಾಗ ಮಾತ್ರ ನಾಲ್ಕು ಹೆಜ್ಜೆ ಬಿಟ್ಟು ನಿಲ್ತೀನಿ. ತಪ್ಪು, ಗೊತ್ತು. ಇವರ ಸೊಂಟಕ್ಕೆ ಆಗಲ್ಲ. ನಾಲ್ಕೇ ಹೆಜ್ಜೆ.”

ತಿಂಗಳು ಮುಗಿಯಲು ನಾಲ್ಕು ದಿನ ಬಾಕಿ ಇರುವ ಮುಂಜಾನೆ. ಮಂಜು ಬೀದಿದೀಪದ ಕಂಬವನ್ನು ಅರ್ಧಕ್ಕೇ ನುಂಗಿದೆ. ಇಬ್ಬರೂ ಹೊರಡುತ್ತಾರೆ, ಅವರು ಮುಂದೆ, ಆಕೆ ಒಂದು ಮೊಳ ಹಿಂದೆ. ಹತ್ತು ನಿಮಿಷ ಆಕೆ ನಿಲ್ಲುವುದಿಲ್ಲ. ಇಪ್ಪತ್ತು ನಿಮಿಷ. ಈವರೆಗೆ ನಿಲ್ಲದೆ ನಡೆದದ್ದು ಹೆಚ್ಚೆಂದರೆ ಇಪ್ಪತ್ತೆರಡು, ಅದೂ ದಾಟುತ್ತದೆ. ಗೋಡೆಯ ತಿರುವಿನಲ್ಲಿ, ಶವಾಗಾರದ ಹಿಂಬಾಗಿಲ ಎದುರು, ಅವರ ಎಡ ಹಿಮ್ಮಡಿ ನೆಲಕ್ಕೆ ಉಜ್ಜುತ್ತದೆ. ಒಂಚೂರು ತಡ. ಮತ್ತೆ ಬಲಗಾಲು, ಮತ್ತೆ ಎಳೆತ.

ಆಕೆ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆ ಆಗುತ್ತದೆ. ಐದು, ಆರು. ಆಕೆಯ ಎಡಗಾಲೂ ಎಳೆಯತೊಡಗಿದೆ. ಎಂಟು. ಮುಂದೆ ಕಾಲುದಾರಿಯಿಂದ ರಸ್ತೆಗಿಳಿಯುವ ಒಂದು ಎತ್ತರದ ಮೆಟ್ಟಿಲಿದೆ. ಒಂಬತ್ತನೇ ಹೆಜ್ಜೆಗೆ ನೆರಳಣ್ಣ ತಾವೇ ನಿಲ್ಲುತ್ತಾರೆ.

“ನೀನು ನಿಲ್ಲಲಿಲ್ಲ,” ಎನ್ನುತ್ತಾರೆ, ತಿರುಗದೆ.

“ಇಲ್ಲ.”

“ಭಾವ ಬಂದಿದ್ರಲ್ಲ.”

“ನಿಮಗೆ ಹೇಗೆ ಗೊತ್ತಾಯ್ತು?”

“ಕೇಳಿಸ್ತು. ನನಗೇ ಕೇಳಿಸ್ತು.” ಅವರು ಬಗ್ಗಿ ಎಡ ಮೊಣಕಾಲು ಉಜ್ಜಿಕೊಂಡು, ಎದ್ದು ನಿಂತು, ಎರಡೂ ಪಾದ ಸರಿಯಾಗಿ ಊರುತ್ತಾರೆ. “ಹದಿನೇಳು ವರ್ಷ ಬೇರೆಯವರ ಕಾಲು ಕೇಳಿದ್ದೇ ಆಯ್ತು. ಇದು ನಂದಲ್ಲ ಅಂತ ಇವತ್ತು ಮೊದಲ ಸಲ ಗೊತ್ತಾಯ್ತು.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕೈಗಡಿಯಾರವನ್ನು ಕಣ್ಣಿನ ಹತ್ತಿರ ತರುತ್ತಾರೆ. “ಇನ್ನೂ ಐದು ನಿಮಿಷ ಬಾಕಿ ಇದೆ. ನಡೀರಿ. ನಾನು ಇಲ್ಲೇ ಇರ್ತೀನಿ.”