ಕರಾರಪ್ಪ
ನಮ್ಮ ಆಫೀಸಿನಲ್ಲಿ ಅವರಿಗೆ ಕರಾರಪ್ಪ ಎಂದೇ ಹೆಸರು. ಒಂದು ಕಂಪ್ಯೂಟರ್ ಇನ್ನೊಂದರ ಹತ್ತಿರ ಏನನ್ನು, ಹೇಗೆ ಕೇಳಬೇಕು ಎಂಬ ಕರಾರು, ಅಂದರೆ ಎಪಿಐ, ಬರೆಯುವುದು ಅವರ ಕೆಲಸ. ತಾರೀಖನ್ನು ತಿರುಗುಮುರುಗಾಗಿ ಕಳಿಸಿದವರನ್ನು ಅವರ ಎಪಿಐ ಬಾಗಿಲಲ್ಲೇ ತಡೆದು, ತಪ್ಪೆಲ್ಲಿ ಎಂದು ಮರ್ಯಾದೆಯಿಂದ ತಿಳಿಸಿ ವಾಪಸ್ ಅಟ್ಟುತ್ತದೆ. ಈವರೆಗೆ ಯಾರಿಗೂ ಕೈಕೊಟ್ಟದ್ದಿಲ್ಲ. ಕ್ಯಾಂಟೀನಿನಲ್ಲೂ ಅವರು ಬರೀ 'ಒಂದು ಟೀ' ಎನ್ನುವವರಲ್ಲ. ಸಕ್ಕರೆ, ಹಾಲು, ಬಿಸಿ, ಲೋಟದ ಅಳತೆ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ನಿಂತವರ ಗಂಟಲು ಒಣಗಿರುತ್ತದೆ. "ಇಷ್ಟೆಲ್ಲ ಯಾಕೆ ಸಾರ್? ಸಿಂಪಲ್ಲಾಗಿ ಹೇಳಿದ್ರೂ ಅರ್ಥ ಆಗುತ್ತೆ" ಎಂದರೆ, ಕನ್ನಡಕ ಏರಿಸಿ, "ಯಾರಿಗೆ?" ಎನ್ನುತ್ತಾರೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಬಡಿದ ಮೇಲೆ ಅವರ ತಾಯಿಗೆ ಉಳಿದಿರುವುದು 'ಅದು' ಎಂಬ ಒಂದೇ ಮಾತು. ಆಕೆ "ಅದು" ಎಂದರು. ಇವರು ಎದ್ದು ಕಿಟಕಿ ತೆರೆದರು. ಮತ್ತೆ "ಅದು" ಎಂದರು. ಇವರು ದಿಂಬು ಸರಿಮಾಡಿದರು. ಎರಡು ಸಲವೂ ಆ ಮುಖ ಅರಳಿತು. ಇಷ್ಟು ಸರಳವಾದ ಎಪಿಐಯನ್ನು ನಾನು ಕಂಡೇ ಇರಲಿಲ್ಲ. "ಇಲ್ಲಿ ಕರಾರು ಬೇಡ್ವಾ ಸಾರ್?" ಎಂದೆ. ಅಮ್ಮನ ಬಾಯಿ ಒರೆಸುತ್ತಾ ಅವರು ಹೇಳಿದರು: "ಇಲ್ಲಿ ಕೇಳಿಸ್ಕೊಳ್ಳೋಕೆ ಮಗ ಇದ್ದಾನೆ ಕಣಯ್ಯಾ. ಅಲ್ಲಿ ಕಂಪ್ಯೂಟರ್ ಹತ್ರ ಕೇಳೋರಿಗೆ ಕರಾರು ಬಿಟ್ರೆ ಇನ್ಯಾರಿದ್ದಾರೆ?"